ಕ್ಯಾನಿಸ್ಟರ್ ಶೋಧಕಗಳಲ್ಲಿ ಸೋರಿಕೆ: ಪರಿಹಾರವಿರುವುದು ಸೀಲಿನ ವಿನ್ಯಾಸದಲ್ಲಿ

ಹೈಡ್ರಾಲಿಕ್ ಯಂತ್ರದ ಕೆಳಗೆ ಇಟ್ಟಿರುವ ತಗಡಿನ ತಟ್ಟೆ, ಅಡುಗೆಮನೆಯ ನೀರಿನ ಶೋಧಕದ ಅಡಿಯಲ್ಲಿ ಹಾಸಿರುವ ಹಳೆಯ ಬಟ್ಟೆ, ಲಾರಿ ನಿಲ್ಲುವ ಜಾಗದಲ್ಲಿ ಕಪ್ಪಾಗಿರುವ ನೆಲ. ಈ ಮೂರೂ ಬಹುತೇಕ ಒಂದೇ ದೋಷದ ಗುರುತುಗಳು. ಶೋಧಕದ ಹೊರಕೋಶವೂ ಅದರ ತಲೆಭಾಗವೂ ಸೇರುವ ಜಾಗದಲ್ಲಿ ದ್ರವ ಹೊರಕ್ಕೆ ಜಿನುಗುತ್ತಿದೆ ಎಂಬುದನ್ನು ಇವು ಸಾರುತ್ತವೆ. ಇಂತಹ ದೂರು ಬಂದಾಗ ತಯಾರಕರು ಅಥವಾ ವ್ಯಾಪಾರಿಗಳು ಮೊದಲು ಕೈಗೊಳ್ಳುವ ಕ್ರಮ ಎರಡೇ: ಸ್ಪ್ಯಾನರ್ ಹಾಕಿ ಇನ್ನಷ್ಟು ಬಿಗಿಗೊಳಿಸುವುದು, ಇಲ್ಲವೇ ರಬ್ಬರಿನ ಉಂಗುರವನ್ನು ಬದಲಿಸುವುದು. ಕೆಲವು ದಿನಗಳ ನಂತರ ಅದೇ ಗ್ರಾಹಕರಿಂದ ಅದೇ ದೂರು ಮತ್ತೆ ಬರುತ್ತದೆ.

ಹನಿಯೆಂದು ಕಡೆಗಣಿಸುವಷ್ಟು ಈ ನಷ್ಟ ಚಿಕ್ಕದಲ್ಲ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ, 10 ಸೆಕೆಂಡಿಗೆ ಒಂದು ಹನಿಯಂತೆ ಜಿನುಗುವ ಜೋಡಣೆಯಿಂದ ದಿನಕ್ಕೆ 432 ಮಿಲಿಲೀಟರ್, ವರ್ಷಕ್ಕೆ ಸುಮಾರು 158 ಲೀಟರ್ ದ್ರವ ಹೊರಹೋಗುತ್ತದೆ. ಅದು ಹೈಡ್ರಾಲಿಕ್ ತೈಲವಾಗಿದ್ದರೆ, ಪೋಲಾದ ತೈಲದ ಬೆಲೆ ಶೋಧಕದ ಬೆಲೆಯನ್ನೇ ಮೀರಬಹುದು. ಜಾರುವ ನೆಲದಿಂದಾಗುವ ಅಪಘಾತ, ಬೆಂಕಿಯ ಭಯ, ದುರಸ್ತಿಗಾಗಿ ಯಂತ್ರ ನಿಲ್ಲಿಸಿದ ಅವಧಿ ಇವೆಲ್ಲ ಇದಕ್ಕೆ ಹೊರತಾದ ಖರ್ಚುಗಳು. ಈ ನಷ್ಟಕ್ಕೆ ಕಾರಣವಾಗುವ ಉಂಗುರವಾದರೋ ಇಡೀ ಶೋಧಕದಲ್ಲಿ ಅತ್ಯಂತ ಅಗ್ಗದ ಬಿಡಿಭಾಗ. ಆದರೆ ಆ ಉಂಗುರಕ್ಕೆ ನಾವು ಒದಗಿಸಿದ ಜಾಗ ಸರಿಯಾಗಿದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸೋರಿಕೆಯ ನಿಜವಾದ ಪರಿಹಾರ ಆ ಪ್ರಶ್ನೆಯಲ್ಲಿಯೇ ಅಡಗಿದೆ ಎಂಬುದನ್ನು ನಮ್ಮ ಸಣ್ಣ ಉದ್ದಿಮೆದಾರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕಾಣುವ ಸೋರಿಕೆ, ಕಾಣದ ಸೋರಿಕೆ

ಕ್ಯಾನಿಸ್ಟರ್ ಮಾದರಿಯ ಶೋಧಕದಲ್ಲಿ ಮೂರು ಮುಖ್ಯ ಭಾಗಗಳಿರುತ್ತವೆ. ದ್ರವ ಒಳಬರುವ ಹಾಗೂ ಹೊರಹೋಗುವ ದ್ವಾರಗಳುಳ್ಳ ತಲೆಭಾಗ, ಅದಕ್ಕೆ ತಿರುಪಿನಿಂದ ಅಥವಾ ಬೋಲ್ಟುಗಳಿಂದ ಸೇರುವ ಬಟ್ಟಲಿನಂತಹ ಹೊರಕೋಶ, ಅದರೊಳಗೆ ಕೂರುವ ಕಾರ್ಟ್ರಿಜ್. ಮನೆಬಳಕೆಯ 10 ಅಂಗುಲದ ನೀರಿನ ಶೋಧಕ, ಹೈಡ್ರಾಲಿಕ್ ಘಟಕದ ಪ್ರೆಷರ್ ಲೈನ್ ಶೋಧಕ, ಡೀಸೆಲ್ ಎಂಜಿನ್ನಿನ ಇಂಧನ ಶೋಧಕ ಇವೆಲ್ಲ ಈ ಕುಟುಂಬಕ್ಕೆ ಸೇರಿದವು. ಕೋಶ ಮತ್ತು ಕಾರ್ಟ್ರಿಜ್ ಎರಡೂ ಒಂದೇ ಡಬ್ಬಿಯಾಗಿ ಬರುವ ಸ್ಪಿನ್-ಆನ್ ಶೋಧಕ ಇದರ ಸಮೀಪದ ಬಂಧು.

ಇವುಗಳಲ್ಲಿ ಎರಡು ಬಗೆಯ ಸೋರಿಕೆಗಳುಂಟು. ಕೋಶದಿಂದ ಹೊರಕ್ಕೆ ಹರಿಯುವುದು ಎಲ್ಲರಿಗೂ ಕಾಣುತ್ತದೆ. ಕಾರ್ಟ್ರಿಜ್ಜಿನ ತುದಿಯಲ್ಲಿರುವ ಸೀಲನ್ನು ದಾಟಿ, ಶುದ್ಧವಾಗದ ದ್ರವ ನೇರವಾಗಿ ಶುದ್ಧ ದ್ರವದ ಜೊತೆ ಸೇರಿಕೊಳ್ಳುವುದು ಎರಡನೆಯದು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಶೋಧಕವಿದ್ದೂ ಪಂಪ್ ಸವೆಯುತ್ತದೆ, ವಾಲ್ವ್ ಅಂಟಿಕೊಳ್ಳುತ್ತದೆ, ನೀರು ಮಂಕಾಗಿ ಬರುತ್ತದೆ. ಗ್ರಾಹಕರು ಕಾರ್ಟ್ರಿಜ್ಜನ್ನು ಕಳಪೆಯೆಂದು ದೂರುತ್ತಾರೆ.

ನೀರಿನ ಶೋಧಕಗಳಲ್ಲಿ ಇದಕ್ಕೆ ಸುಲಭವಾದ ನಿದರ್ಶನ ಸಿಗುತ್ತದೆ. ಎರಡೂ ತುದಿ ತೆರೆದಿರುವ ಕಾರ್ಟ್ರಿಜ್‌ಗಳಲ್ಲಿ ಕೋಶದ ತಳ ಹಾಗೂ ತಲೆಭಾಗದಲ್ಲಿರುವ ಚೂಪಾದ ಏಣು ಕಾರ್ಟ್ರಿಜ್ಜಿನ ತುದಿಯನ್ನು ಒತ್ತಿ ಹಿಡಿಯುತ್ತದೆ. ಇಲ್ಲಿ ಸೀಲ್ ನಿಂತಿರುವುದು ಉದ್ದದ ಮೇಲೆ. ಮಾರುಕಟ್ಟೆಯಲ್ಲಿ 10 ಅಂಗುಲವೆಂದು ಮಾರಾಟವಾಗುವ ಕಾರ್ಟ್ರಿಜ್‌ಗಳಲ್ಲಿ ನಿಜವಾಗಿ 10 ಅಂಗುಲ, ಅಂದರೆ 254 ಮಿ.ಮೀ. ಇರುವವೂ ಉಂಟು; ಒಂಬತ್ತು ಮುಕ್ಕಾಲು ಅಂಗುಲ, ಅಂದರೆ ಸುಮಾರು 248 ಮಿ.ಮೀ. ಇರುವವೂ ಉಂಟು. ಉದ್ದದ ಕಾರ್ಟ್ರಿಜ್‌ಗಾಗಿ ರೂಪಿಸಿದ ಕೋಶದಲ್ಲಿ ಗಿಡ್ಡದ್ದನ್ನು ಕೂರಿಸಿದರೆ ಏಣು ಅದನ್ನು ಮುಟ್ಟುವುದೇ ಇಲ್ಲ. ಆದುದರಿಂದಲೇ ಔಷಧ ಹಾಗೂ ಪಾನೀಯ ತಯಾರಿಕೆಯಂತಹ ಕ್ಷೇತ್ರಗಳು ಒಂದು ತುದಿಯಲ್ಲಿ ಎರಡು ಓ-ರಿಂಗ್‌ಗಳಿದ್ದು, ರಂಧ್ರದೊಳಕ್ಕೆ ಸೇರಿಕೊಳ್ಳುವ ಕಾರ್ಟ್ರಿಜ್‌ಗಳನ್ನು ಬಳಸುತ್ತವೆ. 222 ಮತ್ತು 226 ಎಂದು ವ್ಯಾಪಾರದಲ್ಲಿ ಕರೆಯಲಾಗುವುದು ಆ ಓ-ರಿಂಗ್‌ಗಳ ಅಳತೆಯ ಸಂಖ್ಯೆಗಳನ್ನೇ. ಅಲ್ಲಿ ಉದ್ದ ಕೊಂಚ ಹೆಚ್ಚುಕಡಿಮೆಯಾದರೂ ಸೀಲ್ ಕೆಡುವುದಿಲ್ಲ.

ಉಂಗುರ ಕೆಲಸ ಮಾಡುವ ಬಗೆ

ಇಂದು ಎಲ್ಲೆಡೆ ಬಳಕೆಯಲ್ಲಿರುವ ಓ-ರಿಂಗ್‌ಗೆ ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್‌ಸೆನ್ ಅಮೆರಿಕದಲ್ಲಿ 1937ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1939ರಲ್ಲಿ ಪೇಟೆಂಟ್ ದೊರೆಯಿತು. ದುಂಡು ಉಂಗುರ ಅದಕ್ಕೂ ಮುಂಚೆ ಇಲ್ಲದಿರಲಿಲ್ಲ. ಆ ಉಂಗುರವನ್ನು ಅದರ ದಪ್ಪಕ್ಕಿಂತ ಸ್ವಲ್ಪ ಅಗಲವಾದ, ಆದರೆ ದಪ್ಪಕ್ಕಿಂತ ಕಡಿಮೆ ಆಳವಾದ ಆಯತಾಕಾರದ ತೋಡಿನಲ್ಲಿ ಕೂರಿಸಿದರೆ ಅದು ಬಾಳುತ್ತದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿದ್ದು ಅವರ ಸಾಧನೆ. ಅಂದರೆ ಓ-ರಿಂಗ್‌ನ ಚರಿತ್ರೆಯೇ ತೋಡಿನ ಚರಿತ್ರೆ.

ತೋಡು ಉಂಗುರದ ದಪ್ಪಕ್ಕಿಂತ ಕಡಿಮೆ ಆಳವಿರುವುದರಿಂದ, ಎರಡು ಭಾಗಗಳು ಸೇರಿದಾಗ ಉಂಗುರ ಅದುಮಲ್ಪಡುತ್ತದೆ. ಈ ಅದುಮಿಕೆಯಿಂದ ಆರಂಭದ ಸೀಲ್ ಉಂಟಾಗುತ್ತದೆ. ದ್ರವದ ಒತ್ತಡ ಏರಿದಂತೆ ಅದು ಉಂಗುರವನ್ನು ತೋಡಿನ ಎದುರು ಗೋಡೆಗೆ ನೂಕುತ್ತದೆ. ಉಂಗುರ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸೋರಿಸಬೇಕಾದ ಒತ್ತಡವೇ ಸೋರಿಕೆಯನ್ನು ತಡೆಯುವ ಬಲವಾಗಿ ಮಾರ್ಪಡುವುದು ಓ-ರಿಂಗ್‌ನ ಹಿರಿಮೆ. ಆದರೆ ಇದು ನಡೆಯಬೇಕಾದರೆ ಎರಡು ನಿಬಂಧನೆಗಳಿವೆ: ಆರಂಭದ ಅದುಮಿಕೆ ಸಾಕಷ್ಟಿರಬೇಕು, ಉಂಗುರ ಸರಿಯಲು ತೋಡಿನಲ್ಲಿ ಜಾಗ ಉಳಿದಿರಬೇಕು.

ತೋಡಿನ ಲೆಕ್ಕಾಚಾರ

ಚಲನೆಯಿಲ್ಲದ ಸೀಲುಗಳಲ್ಲಿ ಅದುಮಿಕೆಯು ಉಂಗುರದ ದಪ್ಪದ ಸುಮಾರು ಶೇ. 15ರಿಂದ 25ರಷ್ಟು ಇರುವುದು ವಾಡಿಕೆ. ಮುಖಕ್ಕೆ ಮುಖ ಒತ್ತುವ ಜೋಡಣೆಗಳಲ್ಲಿ ಶೇ. 30ರವರೆಗೂ ಹೋಗಬಹುದು. ಉಂಗುರವು ತೋಡಿನ ಒಟ್ಟು ಜಾಗದ ಶೇ. 75ರಿಂದ 85ರಷ್ಟನ್ನು ಮಾತ್ರ ತುಂಬಬೇಕು. ಹಾಕುವಾಗ ಉಂಗುರದ ಒಳವ್ಯಾಸ ಶೇ. 5ಕ್ಕಿಂತ ಹೆಚ್ಚು ಹಿಗ್ಗಬಾರದು. ಹಿಗ್ಗಿದಷ್ಟೂ ಅದರ ದಪ್ಪ ಇಳಿಯುತ್ತದೆ, ಅದುಮಿಕೆಯೂ ಇಳಿಯುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. 3.53 ಮಿ.ಮೀ. ದಪ್ಪದ ಉಂಗುರಕ್ಕೆ 2.85 ಮಿ.ಮೀ. ಆಳ, 4.5 ಮಿ.ಮೀ. ಅಗಲದ ತೋಡನ್ನು ಕೊಟ್ಟಿದ್ದೇವೆ ಎಂದುಕೊಳ್ಳೋಣ. ಆಳವೆಂದರೆ ಇಲ್ಲಿ ತೋಡಿನ ತಳದಿಂದ ಎದುರಿನ ಮೇಲ್ಮೈವರೆಗಿನ ಪೂರ್ತಿ ಅಂತರ. ಅದುಮಿಕೆ ಶೇ. 19, ತುಂಬಿಕೆ ಶೇ. 76. ನಕ್ಷೆಯಲ್ಲಿ ಎಲ್ಲವೂ ಸರಿಯಾಗಿದೆ. ಆದರೆ ಉಂಗುರದ ದಪ್ಪದಲ್ಲಿ 0.10 ಮಿ.ಮೀ. ಹೆಚ್ಚುಕಡಿಮೆಯಾಗಲು ಅಳತೆಯ ಮಾನಕದಲ್ಲಿಯೇ ಅವಕಾಶವಿದೆ. ತೋಡಿನಲ್ಲಿಯೂ ಅಷ್ಟೇ ವ್ಯತ್ಯಾಸ ಬಂದರೆ, ತೆಳುವಾದ ಉಂಗುರ ಆಳವಾದ ತೋಡಿನಲ್ಲಿ ಕುಳಿತಾಗ ಅದುಮಿಕೆ ಶೇ. 14ಕ್ಕೆ ಇಳಿಯುತ್ತದೆ. ದಪ್ಪನೆಯ ಉಂಗುರ ಕಡಿಮೆ ಆಳದ ತೋಡಿನಲ್ಲಿ ಕುಳಿತಾಗ ಅದುಮಿಕೆ ಶೇ. 24ಕ್ಕೂ ತುಂಬಿಕೆ ಶೇ. 84ಕ್ಕೂ ಏರುತ್ತವೆ. ದ್ರವವನ್ನು ಹೀರಿ ಆ ರಬ್ಬರು ಶೇ. 15ರಷ್ಟು ಊದಿಕೊಂಡರೆ ತುಂಬಿಕೆ ಶೇ. 96! ಬಿಸಿಯಾದಾಗ ರಬ್ಬರು ಉಕ್ಕಿಗಿಂತ ಸುಮಾರು 10 ಪಟ್ಟು ಹೆಚ್ಚು ಹಿಗ್ಗುವುದರಿಂದ ಉಳಿದ ಜಾಗವೂ ಮುಗಿಯುತ್ತದೆ. ಆಗ ಉಂಗುರ ಬಿರುಕಿನೊಳಗೆ ನುಗ್ಗಿ ಹರಿಯುತ್ತದೆ, ಇಲ್ಲವೇ ಪ್ಲಾಸ್ಟಿಕ್ ಕೋಶವನ್ನೇ ಸೀಳುತ್ತದೆ.

ಆದುದರಿಂದ ಮಧ್ಯದ ಅಳತೆಯನ್ನು ಮಾತ್ರ ಲೆಕ್ಕ ಹಾಕಿ ತೃಪ್ತರಾಗದೆ, ಎರಡೂ ಕೊನೆಗಳ ಲೆಕ್ಕವನ್ನು ಹಾಕಿ ನೋಡುವುದು ಅವಶ್ಯ. ಇದಕ್ಕೆ ಬೇಕಾದುದು ಒಂದು ಕಾಗದ ಮತ್ತು ಅರ್ಧ ಗಂಟೆಯ ಸಮಯ.

ಇದೇ ಲೆಕ್ಕದಿಂದ ಇನ್ನೊಂದು ಪಾಠವೂ ದೊರೆಯುತ್ತದೆ. ಅಚ್ಚಿನಲ್ಲಿ ಎರಕಗೊಂಡ 100 ಮಿ.ಮೀ. ವ್ಯಾಸದ ಪ್ಲಾಸ್ಟಿಕ್ ಬಾಯಿ ತಣಿಯುವಾಗ ಕೊಂಚ ಅಂಡಾಕಾರಕ್ಕೆ ತಿರುಗುವುದು ಸಹಜ. ಅದರಿಂದ ಒಂದು ಕಡೆ 0.3 ಮಿ.ಮೀ. ಅಂತರ ಹೆಚ್ಚಿತೆಂದರೆ, 1.78 ಮಿ.ಮೀ. ದಪ್ಪದ ಉಂಗುರ ತನ್ನ ದಪ್ಪದ ಶೇ. 17ರಷ್ಟು ಅದುಮಿಕೆಯನ್ನು ಕಳೆದುಕೊಳ್ಳುತ್ತದೆ, ಅಂದರೆ ಬಹುತೇಕ ಇರುವುದೆಲ್ಲವನ್ನೂ. 3.53 ಮಿ.ಮೀ. ಉಂಗುರ ಶೇ. 8.5ರಷ್ಟನ್ನು, 5.33 ಮಿ.ಮೀ. ಉಂಗುರ ಶೇ. 5.6ರಷ್ಟನ್ನು ಮಾತ್ರ ಕಳೆದುಕೊಳ್ಳುತ್ತವೆ. ರಬ್ಬರಿನಲ್ಲಿ ಕೆಲವು ಪೈಸೆ ಉಳಿಸಲೆಂದು ತೆಳುವಾದ ಉಂಗುರವನ್ನು ಆರಿಸುವವರು ತಮ್ಮ ಅಚ್ಚಿನಿಂದ ಅಸಾಧ್ಯವಾದ ನಿಖರತೆಯನ್ನು ಬೇಡುತ್ತಿದ್ದಾರೆ ಎಂದೇ ಅರ್ಥ.

ಬಿಗಿತವೆಂಬ ಭ್ರಮೆ

ಸೋರಿದರೆ ಬಿಗಿಗೊಳಿಸು ಎಂಬುದು ಚಪ್ಪಟೆ ಗ್ಯಾಸ್ಕೆಟ್ ಕಾಲದ ಬುದ್ಧಿವಾದ. ಚಪ್ಪಟೆ ಗ್ಯಾಸ್ಕೆಟ್‌ನಲ್ಲಿ ಸೀಲಿನ ಬಲವೆಲ್ಲ ತಿರುಪಿನ ಬಿಗಿತದಿಂದಲೇ ಬರಬೇಕು. ಬಿಗಿಗೊಳಿಸುವ ಕೈ ಬದಲಾದಂತೆ ಸೀಲಿನ ಗುಣವೂ ಬದಲಾಗುತ್ತದೆ. ಓ-ರಿಂಗ್ ಇರುವ ಜೋಡಣೆಯಲ್ಲಿ ಲೋಹಕ್ಕೆ ಲೋಹ ಅಥವಾ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗಿ ನಿಲ್ಲುವ ತಡೆ ಇರಬೇಕು. ತಡೆ ತಾಗಿದ ಮೇಲೆ ಅದುಮಿಕೆಯನ್ನು ತೋಡಿನ ಆಳ ನಿರ್ಧರಿಸುತ್ತದೆಯೇ ಹೊರತು ಕೆಲಸಗಾರನ ತೋಳ್ಬಲವಲ್ಲ. ಆ ತಡೆಯನ್ನೇ ಒದಗಿಸದೆ ಓ-ರಿಂಗ್ ಬಳಸಿದರೆ, ಓ-ರಿಂಗ್‌ನ ಬೆಲೆ ಕೊಟ್ಟು ಗ್ಯಾಸ್ಕೆಟ್‌ನ ಅನಿಶ್ಚಿತತೆಯನ್ನು ಕೊಂಡಂತೆ.

ತಿರುಪು ಹೊರಬೇಕಾದ ಹೊರೆಯೂ ಕಡಿಮೆಯದಲ್ಲ. ಸೀಲಿನ ವ್ಯಾಸ 100 ಮಿ.ಮೀ. ಇರುವ ನೀರಿನ ಶೋಧಕದಲ್ಲಿ 6 ಬಾರ್ ಒತ್ತಡವಿದ್ದರೆ, ಬಟ್ಟಲನ್ನು ಕೆಳಕ್ಕೆ ನೂಕುವ ಬಲ ಸುಮಾರು 480 ಕಿಲೋಗ್ರಾಂ ತೂಕದಷ್ಟಾಗುತ್ತದೆ. ನಲ್ಲಿ ಅಥವಾ ಸೊಲೆನಾಯ್ಡ್ ವಾಲ್ವ್ ಥಟ್ಟನೆ ಮುಚ್ಚಿದಾಗ ಉಂಟಾಗುವ ಜಲಾಘಾತ ಇದಕ್ಕೆ ಹೆಚ್ಚುವರಿ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ನೀರು ಉಕ್ಕಿನ ಕೊಳವೆಯಲ್ಲಿ ಥಟ್ಟನೆ ನಿಂತರೆ 10 ಬಾರ್‌ಗೂ ಮೀರಿದ ಒತ್ತಡ ಕ್ಷಣಕಾಲ ಏಳಬಲ್ಲದು. ದಿನಕ್ಕೆ ಹಲವು ಬಾರಿ ಇಂತಹ ಪೆಟ್ಟು ತಿನ್ನುವ ಪ್ಲಾಸ್ಟಿಕ್ ತಿರುಪು ಕಾಲಕ್ರಮದಲ್ಲಿ ನಿಧಾನವಾಗಿ ಎಳೆದುಕೊಳ್ಳುತ್ತದೆ. ಮುಖಕ್ಕೆ ಮುಖ ಒತ್ತುವ ಸೀಲಿನಲ್ಲಿ ಈ ಎಳೆತವೆಲ್ಲ ನೇರವಾಗಿ ಅದುಮಿಕೆಯಿಂದ ಕಳೆಯಲ್ಪಡುತ್ತದೆ. ಮತ್ತೆ ಸ್ಪ್ಯಾನರ್ ಹಾಕಿ ಬಿಗಿಗೊಳಿಸಿದರೆ ತಿರುಪಿನ ಬುಡದಲ್ಲಿ ಬಿರುಕು ಹುಟ್ಟುತ್ತದೆ. ಜಿನುಗುತ್ತಿದ್ದ ಶೋಧಕ ಒಂದು ರಾತ್ರಿ ಒಡೆದು ಮನೆಯನ್ನೇ ತೋಯಿಸುವುದು ಹೀಗೆ.

ಇದಕ್ಕೆ ಉತ್ತಮ ಪರಿಹಾರವೆಂದರೆ ಸುತ್ತಳತೆಯ ಸೀಲ್. ಬಟ್ಟಲಿನ ಬಾಯಿಯ ಹೊರಮೈಯಲ್ಲಿ ತೋಡು ಮಾಡಿ ಉಂಗುರವನ್ನು ಕೂರಿಸಿ, ಆ ಬಾಯಿಯು ತಲೆಭಾಗದ ಉರುಟಾದ ಪೋಟರೆಯೊಳಗೆ ಸೇರುವಂತೆ ಮಾಡುವುದು. ಇಲ್ಲಿ ತಿರುಪು ಅರ್ಧ ಮಿ.ಮೀ. ಸಡಿಲಗೊಂಡರೂ ಉಂಗುರ ಪೋಟರೆಯ ಗೋಡೆಯ ಮೇಲೆ ಅಷ್ಟು ಸರಿಯುತ್ತದೆಯೇ ವಿನಾ ಅದುಮಿಕೆ ಕಡಿಮೆಯಾಗುವುದಿಲ್ಲ. ತಲೆಭಾಗವನ್ನು ಬಟ್ಟಲಿಗಿಂತ ದಪ್ಪವಾಗಿ ಮಾಡಿದ್ದರೆ, ಒಳಗಿನ ಒತ್ತಡಕ್ಕೆ ಹಿಗ್ಗುವ ಬಟ್ಟಲಿನ ಗೋಡೆ ಅಂತರವನ್ನು ಇನ್ನಷ್ಟು ಮುಚ್ಚುತ್ತದೆ. ಗ್ರಾಹಕರು ಕೈಯಿಂದಲೇ ಬಿಗಿಗೊಳಿಸಿದರೂ ಸಾಕಾಗುತ್ತದೆ. ಮುಖದ ಸೀಲನ್ನೇ ಉಳಿಸಿಕೊಳ್ಳುವವರು ಒಂದು ಅಂಶವನ್ನಾದರೂ ಪಾಲಿಸಬೇಕು: ಒತ್ತಡ ಒಳಗಿನಿಂದ ಬರುವುದರಿಂದ ಉಂಗುರದ ಹೊರ ಅಂಚು ಮೊದಲೇ ತೋಡಿನ ಹೊರಗೋಡೆಗೆ ತಾಗಿರಬೇಕು. ಇಲ್ಲವಾದರೆ ಪ್ರತಿ ಬಾರಿ ಒತ್ತಡ ಏರಿಳಿದಾಗಲೂ ಉಂಗುರ ಹಿಗ್ಗಿ ಕುಗ್ಗಿ ಸವೆಯುತ್ತದೆ.

ಚಾಲೆಂಜರ್ ಕಲಿಸಿದ ಪಾಠ

ಉಂಗುರದ ವಿಷಯದಲ್ಲಿ ಜಗತ್ತು ಕಂಡ ಅತಿ ದೊಡ್ಡ ದುರಂತ 1986ರ ಜನವರಿ 28ರಂದು ಅಮೆರಿಕದಲ್ಲಿ ಸಂಭವಿಸಿತು. ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಸಿಡಿದು ಏಳು ಮಂದಿ ಗಗನಯಾತ್ರಿಗಳು ಮೃತಪಟ್ಟರು. ಘನ ಇಂಧನದ ರಾಕೆಟ್ಟಿನ ಎರಡು ಭಾಗಗಳು ಸೇರುವ ಜಾಗದಲ್ಲಿ ಓ-ರಿಂಗ್ ಸೀಲ್ ವಿಫಲವಾದುದೇ ಕಾರಣವೆಂದು ತನಿಖಾ ಆಯೋಗ ನಿರ್ಧರಿಸಿತು. ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಅದುಮಿ ಹಿಡಿದ ರಬ್ಬರಿನ ತುಂಡನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ, ಚಳಿಯಲ್ಲಿ ಅದು ಬೇಗನೆ ಮೊದಲಿನ ಆಕಾರಕ್ಕೆ ಮರಳುವುದಿಲ್ಲವೆಂದು ಎಲ್ಲರೆದುರು ತೋರಿಸಿದ್ದು ಪ್ರಸಿದ್ಧ.

ಉದ್ಯಮಿಗಳು ಗಮನಿಸಬೇಕಾದುದು ಅನಂತರದ ಕ್ರಮವನ್ನು. ಚಳಿ ಕೇವಲ ಅರ್ಧ ಕಾರಣ. ಒತ್ತಡ ಬಂದಾಗ ಲೋಹದ ಜೋಡಣೆಯೇ ಬಾಗಿ, ಉಂಗುರ ಮುಚ್ಚಬೇಕಾದ ಅಂತರ ಹಿಗ್ಗುತ್ತಿತ್ತು. ಪುನರ್ವಿನ್ಯಾಸದಲ್ಲಿ ಆ ಅಂತರ ಹಿಗ್ಗದಂತೆ ಹಿಡಿದಿಡುವ ಲೋಹದ ಚಾಚನ್ನು ಜೋಡಣೆಗೆ ಸೇರಿಸಲಾಯಿತು. ಮೂರನೆಯ ಓ-ರಿಂಗ್ ಹಾಗೂ ಜೋಡಣೆಯನ್ನು ಬೆಚ್ಚಗಿಡುವ ಹೀಟರುಗಳನ್ನು ಅಳವಡಿಸಲಾಯಿತು. ಬರಿಯ ಉಂಗುರದ ಬದಲಾವಣೆಯನ್ನು ಪರಿಹಾರವೆಂದು ಅವರು ಎಣಿಸಲಿಲ್ಲ. ಪೀಣ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ಶೋಧಕದ ಹೊರಕೋಶ ತಯಾರಿಸುವ ಸಣ್ಣ ಘಟಕಕ್ಕೂ ಇದೇ ನಿಯಮ ಅನ್ವಯಿಸುತ್ತದೆ: ಒತ್ತಡದಲ್ಲಿ ಬಾಗುವ ಜೋಡಣೆಗೆ ಯಾವ ರಬ್ಬರೂ ಮದ್ದಲ್ಲ.

ಜೋಡಿಸುವಾಗ ಆಗುವ ಗಾಯ

ಸರಿಯಾದ ತೋಡು, ಸರಿಯಾದ ಉಂಗುರ ಇದ್ದೂ ಮೊದಲ ದಿನವೇ ಸೋರುವ ಶೋಧಕಗಳಿವೆ. ಇವುಗಳ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಷ್ಟು ತೆಳುವಾದ ಸೀಳು ಕಾಣುತ್ತದೆ. ಪೋಟರೆಯ ಚೂಪಾದ ಅಂಚು ಅಥವಾ ತಿರುಪಿನ ಎಳೆ ಉಂಗುರವನ್ನು ಕೊಯ್ದಿರುತ್ತದೆ. ಪೋಟರೆಯ ಬಾಯಿಯಲ್ಲಿ 15ರಿಂದ 20 ಡಿಗ್ರಿಯ ಇಳಿಜಾರು ಅಂಚನ್ನು ಕೊಟ್ಟು, ಅದರ ದೊಡ್ಡ ವ್ಯಾಸ ಅದುಮದ ಉಂಗುರದ ಹೊರವ್ಯಾಸಕ್ಕಿಂತ ಹೆಚ್ಚಿರುವಂತೆ ನೋಡಿಕೊಂಡರೆ ಈ ಗಾಯ ತಪ್ಪುತ್ತದೆ. ಸೀಲ್ ತಾಗುವ ಮೇಲ್ಮೈಯ ಒರಟುತನ ದ್ರವಗಳಿಗೆ ಆರ್‌ಎ 1.6 ಮೈಕ್ರೊಮೀಟರ್ ಮೀರದಿರುವುದು ಒಳಿತು. ಲೇಥಿನಲ್ಲಿ ತಿರುಗಿಸಿದಾಗ ಉಂಗುರದ ಗುಂಟ ಸಾಗುವ ಗೆರೆಗಳಿಗಿಂತ ಉಂಗುರವನ್ನು ಅಡ್ಡ ಹಾಯುವ ಒಂದೇ ಒಂದು ಗೀರು ಹೆಚ್ಚು ಅಪಾಯಕಾರಿ. ಹಾಗೆಯೇ ಅಚ್ಚಿನ ಎರಡು ಹೋಳುಗಳು ಕೂಡುವ ಏಣು ಸೀಲಿನ ಮೇಲ್ಮೈಯನ್ನು ಹಾಯದಂತೆ ಅಚ್ಚನ್ನು ರೂಪಿಸಬೇಕು. ಅಚ್ಚು ಮಾಡಿಸಿದ ಮೇಲೆ ಇದನ್ನು ತಿದ್ದುವುದು ದುಬಾರಿ.

ಉಂಗುರವನ್ನು ತೋಡು ಹಿಡಿದಿಟ್ಟುಕೊಳ್ಳುವಂತಿರುವುದೂ ಮುಖ್ಯ. ಸ್ಪಿನ್-ಆನ್ ತೈಲ ಶೋಧಕಗಳಲ್ಲಿ ಹಳೆಯ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಹೊಸ ಶೋಧಕದ ಗ್ಯಾಸ್ಕೆಟ್ ಅದರ ಮೇಲೆ ಕೂರುವುದು ಮೆಕ್ಯಾನಿಕ್‌ಗಳಿಗೆಲ್ಲ ತಿಳಿದಿರುವ ಅನಾಹುತ. ಎಂಜಿನ್ ಚಾಲೂ ಮಾಡಿದ ಕೆಲವೇ ಸಮಯದಲ್ಲಿ ತೈಲವೆಲ್ಲ ರಸ್ತೆ ಪಾಲಾಗುತ್ತದೆ. ಗ್ಯಾಸ್ಕೆಟ್ ತನ್ನ ಡಬ್ಬಿಯೊಂದಿಗೇ ಹೊರಬರುವಂತೆ ಅಂಚಿನಲ್ಲಿ ಹಿಡಿತಗಳನ್ನು ಕೊಡುವುದು ವಿನ್ಯಾಸಕಾರರ ಕರ್ತವ್ಯ. ಗ್ಯಾಸ್ಕೆಟ್‌ಗೆ ತೈಲ ಸವರಿ, ಅದು ತಾಗಿದ ಮೇಲೆ ಮುಕ್ಕಾಲು ಸುತ್ತು ತಿರುಗಿಸಬೇಕೆಂದು ಇಂತಹ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಮುದ್ರಿಸುವ ಸೂಚನೆಯನ್ನು ಕನ್ನಡದಲ್ಲಿಯೂ ಮುದ್ರಿಸಿದರೆ ಅದರಿಂದ ತಯಾರಕರಿಗೇ ಲಾಭ.

ಯಾವ ದ್ರವಕ್ಕೆ ಯಾವ ರಬ್ಬರು?

ಅಂಗಡಿಯಲ್ಲಿ ಎಲ್ಲ ಉಂಗುರಗಳೂ ಕಪ್ಪು. ಗುಣದಲ್ಲಿ ಮಾತ್ರ ಅಜಗಜಾಂತರ. ಖನಿಜ ತೈಲ, ಡೀಸೆಲ್ ಮತ್ತು ಹೈಡ್ರಾಲಿಕ್ ತೈಲಗಳಿಗೆ ನೈಟ್ರೈಲ್ ರಬ್ಬರು ಸೂಕ್ತ; ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಾಳುತ್ತದೆ. ಅದಕ್ಕಿಂತ ಬಿಸಿಯಾದ ತೈಲಕ್ಕೆ ಹೈಡ್ರೋಜನ್ ಸೇರಿಸಿದ ನೈಟ್ರೈಲ್ 150 ಡಿಗ್ರಿಯವರೆಗೂ ಫ್ಲೋರೊಕಾರ್ಬನ್ ಸುಮಾರು 200 ಡಿಗ್ರಿಯವರೆಗೂ ಬಳಕೆಯಾಗುತ್ತವೆ. ನೀರು, ಹಬೆ ಮತ್ತು ವಾಹನಗಳ ಗ್ಲೈಕಾಲ್ ಮೂಲದ ಬ್ರೇಕ್ ದ್ರವಕ್ಕೆ ಇಪಿಡಿಎಂ ಅತ್ಯುತ್ತಮ. ಆದರೆ ಖನಿಜ ತೈಲ ತಾಗಿದರೆ ಅದು ಊದಿಕೊಂಡು ಮೆತ್ತಗಾಗುತ್ತದೆ. ನೀರಿನ ಶೋಧಕದ ಇಪಿಡಿಎಂ ಉಂಗುರಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರುವುದು ಇದೇ ಕಾರಣಕ್ಕೆ ತಪ್ಪು. ಅಲ್ಲಿ ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ಬಳಸಬೇಕು. ಉಂಗುರವೇ ಸಿಲಿಕೋನ್ ರಬ್ಬರಿನದಾಗಿದ್ದರೆ ಸಿಲಿಕೋನ್ ಗ್ರೀಸ್ ಸಲ್ಲದು.

ಇಂಧನ ಶೋಧಕ ತಯಾರಿಸುವವರು ಮತ್ತೊಂದು ಬದಲಾವಣೆಯನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇಂಡಿಯಾ ಎನರ್ಜಿ ವೀಕ್ ಸಮಾವೇಶವನ್ನು ಉದ್ಘಾಟಿಸಿದ ಪ್ರಧಾನಿ ನರೇಂದ್ರ ಮೋದಿಯವರು ಶೇ. 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲನ್ನು ಬಿಡುಗಡೆ ಮಾಡಿದರು. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಕೆಲವು ಬಗೆಯ ನೈಟ್ರೈಲ್ ರಬ್ಬರು ಶುದ್ಧ ಪೆಟ್ರೋಲಿನಲ್ಲಿ ಊದುವುದಕ್ಕಿಂತ ಹೆಚ್ಚು ಊದುತ್ತದೆ. ನೈಟ್ರೈಲಿನಲ್ಲಿ ಅಕ್ರಿಲೋನೈಟ್ರೈಲ್ ಪ್ರಮಾಣ ಹೆಚ್ಚಿಸಿದರೆ ಇಂಧನವನ್ನು ತಡೆಯುವ ಶಕ್ತಿ ಹೆಚ್ಚುತ್ತದೆ, ಚಳಿಯನ್ನು ತಡೆಯುವ ಶಕ್ತಿ ಇಳಿಯುತ್ತದೆ. ಹಳೆಯ ಇಂಧನಕ್ಕಾಗಿ ಲೆಕ್ಕ ಹಾಕಿದ ತೋಡು ಮತ್ತು ಉಂಗುರ ಹೊಸ ಇಂಧನದಲ್ಲಿ ಹೇಗೆ ವರ್ತಿಸುತ್ತವೆ ಎಂಬುದನ್ನು ಉಂಗುರವನ್ನು ಆ ಇಂಧನದಲ್ಲಿ ನೆನೆಸಿ, ತೂಕ ಹಾಗೂ ಅಳತೆ ನೋಡಿಯೇ ನಿರ್ಧರಿಸಬೇಕು.

ರಬ್ಬರಿನ ಆಯ್ಕೆಯಲ್ಲಿ ಗಡಸುತನದಷ್ಟೇ ಕಂಪ್ರೆಷನ್ ಸೆಟ್ ಎಂಬ ಗುಣವೂ ಮುಖ್ಯ. ಬಹುಕಾಲ ಅದುಮಿಟ್ಟ ಉಂಗುರ ಬಿಟ್ಟಾಗ ಎಷ್ಟರಮಟ್ಟಿಗೆ ಚಪ್ಪಟೆಯಾಗಿಯೇ ಉಳಿಯುತ್ತದೆ ಎಂಬುದರ ಅಳತೆ ಅದು. ಹೊಸದಾಗಿದ್ದಾಗ ಎರಡು ಉಂಗುರಗಳ ನಡುವೆ ವ್ಯತ್ಯಾಸ ಕಾಣದು. ವರ್ಷದ ನಂತರ ಒಂದು ದುಂಡಗೇ ಇರುತ್ತದೆ, ಇನ್ನೊಂದು ಪಟ್ಟಿಯಾಗಿರುತ್ತದೆ. ಈ ಪರೀಕ್ಷೆಗೆ ಐಎಸ್ಒ 815 ಮಾನಕವೂ ನಮ್ಮ ದೇಶದ ಐಎಸ್ 3400 ಮಾಲಿಕೆಯ ಮಾನಕಗಳೂ ಇವೆ. ಖರೀದಿ ಆದೇಶದಲ್ಲಿ ಕೇವಲ 'ನೈಟ್ರೈಲ್, 70 ಶೋರ್' ಎಂದು ಬರೆಯದೆ, ಕಂಪ್ರೆಷನ್ ಸೆಟ್ ಮಿತಿಯನ್ನೂ ನಮೂದಿಸಿ ಪರೀಕ್ಷಾ ಪತ್ರವನ್ನು ಕೇಳುವ ಪದ್ಧತಿ ಬೆಳೆಯಬೇಕು.

ವ್ಯಾಪಾರಿಗಳ ಪಾತ್ರ

ಉತ್ತಮ ಉಂಗುರ ಅಂಗಡಿಯಲ್ಲಿಯೇ ಹಾಳಾಗುವುದುಂಟು. ಉಂಗುರಗಳನ್ನು ಗೊಂಚಲುಗಳಾಗಿ ಮೊಳೆಗೆ ನೇತುಹಾಕುವುದು ನಮ್ಮಲ್ಲಿ ಸಾಮಾನ್ಯ ದೃಶ್ಯ. ಮೊಳೆ ತಾಗಿದ ಕಡೆ ಉಂಗುರ ತೆಳ್ಳಗಾಗುತ್ತದೆ. ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್‌ನಿಂದ ನೈಟ್ರೈಲ್ ಬಿರಿಯುತ್ತದೆ. ಐಎಸ್ಒ 2230 ಮಾನಕದ ಪ್ರಕಾರ ರಬ್ಬರಿನ ಭಾಗಗಳನ್ನು 25 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ, ಬೆಳಕು ಬೀಳದ ಜಾಗದಲ್ಲಿ, ಕಿಡಿ ಹಾರಿಸುವ ವಿದ್ಯುತ್ ಮೋಟಾರುಗಳಿಂದ ದೂರವಾಗಿ, ಎಳೆತವಿಲ್ಲದೆ ಚೀಲಗಳಲ್ಲಿ ಇಡಬೇಕು. ನೈಟ್ರೈಲ್‌ಗೆ ಮೊದಲ ದಾಸ್ತಾನು ಅವಧಿ 7 ವರ್ಷ. ಇಪಿಡಿಎಂ ಮತ್ತು ಫ್ಲೋರೊಕಾರ್ಬನ್‌ಗೆ 10 ವರ್ಷ. ತಯಾರಿಕೆಯ ದಿನಾಂಕವೂ ರಬ್ಬರಿನ ಹೆಸರೂ ಇಲ್ಲದ ಸರಕನ್ನು ಸ್ವೀಕರಿಸದಿರುವುದು ವ್ಯಾಪಾರಿಗಳ ಹಿತಕ್ಕೆ ಒಳ್ಳೆಯದು.

ಅಂಗುಲ ಮತ್ತು ಮೆಟ್ರಿಕ್ ಅಳತೆಗಳ ಬೆರಕೆಯನ್ನೂ ತಪ್ಪಿಸಬೇಕು. 2.62 ಮಿ.ಮೀ. ಉಂಗುರ ಕೇಳಿದವರಿಗೆ 2.4 ಮಿ.ಮೀ. ಉಂಗುರ ಕೊಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣದಿರಬಹುದು. ಆದರೆ ಅದುಮಿಕೆಯ ಗಣನೀಯ ಭಾಗ ಅಲ್ಲಿಯೇ ಕಳೆದುಹೋಗುತ್ತದೆ. ಒಂದು ವರ್ನಿಯರ್ ಕ್ಯಾಲಿಪರ್ ಪ್ರತಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರಬೇಕಾದ ಸಲಕರಣೆ.

ಪರೀಕ್ಷೆ ಮತ್ತು ಹೊಣೆಗಾರಿಕೆ

ಹೊಸ ವಿನ್ಯಾಸ ಮಾರುಕಟ್ಟೆಗೆ ಹೋಗುವ ಮೊದಲು ಮೂರು ಪರೀಕ್ಷೆಗಳನ್ನಾದರೂ ನಡೆಸುವುದು ಉಚಿತ. ಬಳಕೆಯ ಗರಿಷ್ಠ ಒತ್ತಡದ ಒಂದೂವರೆ ಪಟ್ಟಿನಲ್ಲಿ ನೀರು ತುಂಬಿ ಹಿಡಿದಿಡುವುದು ಮೊದಲನೆಯದು. ಒತ್ತಡವನ್ನು ಸಾವಿರಾರು ಬಾರಿ ಏರಿಸಿ ಇಳಿಸುವುದು ಎರಡನೆಯದು. ಪ್ಲಾಸ್ಟಿಕ್ ಕೋಶಗಳ ದೌರ್ಬಲ್ಯ ಬಯಲಾಗುವುದು ಇಲ್ಲಿಯೇ. ಒತ್ತಡವೇ ಇಲ್ಲದ ಅಥವಾ ತೀರ ಕಡಿಮೆ ಇರುವ ಸ್ಥಿತಿಯ ಪರೀಕ್ಷೆ ಮೂರನೆಯದು. ಉಂಗುರಕ್ಕೆ ದ್ರವದ ಒತ್ತಡದ ನೆರವು ಸಿಗದ ಈ ಸ್ಥಿತಿಯಲ್ಲಿ ಆರಂಭದ ಅದುಮಿಕೆ ಸಾಲದಿದ್ದರೆ ಕೂಡಲೇ ಗೊತ್ತಾಗುತ್ತದೆ. ಹೆಚ್ಚಿನ ಒತ್ತಡದ ಪರೀಕ್ಷೆಯನ್ನು ಎಂದಿಗೂ ಗಾಳಿಯಿಂದ ಮಾಡಬಾರದು. ಒಡೆದ ಕೋಶದ ಚೂರುಗಳು ಗುಂಡಿನಂತೆ ಹಾರುತ್ತವೆ. ಅಚ್ಚು ಮತ್ತು ಪ್ಲಾಸ್ಟಿಕ್ ಎರಕದ ವಿಷಯದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಹಾಗೂ ಮೈಸೂರಿನ ಸಿಪೆಟ್ ಕೇಂದ್ರದ ನೆರವನ್ನು ನಮ್ಮ ಸಣ್ಣ ಘಟಕಗಳು ಪಡೆಯಬಹುದು.

ಕಾನೂನಿನ ದೃಷ್ಟಿಯಿಂದಲೂ ಇದು ಈಗ ಗಂಭೀರ ವಿಷಯ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವನ್ನೇ ಹೊಂದಿದೆ. ತಯಾರಿಕೆಯ ದೋಷದಂತೆಯೇ ವಿನ್ಯಾಸದ ದೋಷದಿಂದಾದ ಹಾನಿಗೂ ತಯಾರಕರು ಹೊಣೆಗಾರರಾಗುತ್ತಾರೆ. ರಾತ್ರೋರಾತ್ರಿ ಒಡೆದ ಶೋಧಕದಿಂದ ಮನೆಯ ಮರಗೆಲಸ, ಕೆಳಗಿನ ಮನೆಯ ಛಾವಣಿ ಹಾಳಾದರೆ, 'ಗ್ರಾಹಕರು ಸರಿಯಾಗಿ ಬಿಗಿಗೊಳಿಸಲಿಲ್ಲ' ಎಂಬ ಸಮಜಾಯಿಷಿ ಸಾಕಾಗದೆ ಹೋಗಬಹುದು. ಬಿಗಿತದ ಮೇಲೆ ಅವಲಂಬಿತವಾಗದ ಸೀಲನ್ನು ರೂಪಿಸುವುದು ಸಾಧ್ಯವಿದ್ದೂ ಏಕೆ ರೂಪಿಸಲಿಲ್ಲವೆಂಬ ಪ್ರಶ್ನೆಯನ್ನು ಆಗ ಎದುರಿಸಬೇಕಾಗುತ್ತದೆ.

ಹಾಗೆಂದು ಇದಕ್ಕೆ ಭಾರಿ ಬಂಡವಾಳವೇನೂ ಬೇಕಿಲ್ಲ. ತೋಡಿನ ಆಳವನ್ನು ಒಂದಿಷ್ಟು ಬದಲಿಸುವುದು, ತುಸು ದಪ್ಪನೆಯ ಉಂಗುರವನ್ನು ಆರಿಸುವುದು, ಅಂಚನ್ನು ಇಳಿಜಾರಾಗಿಸುವುದು, ರಬ್ಬರಿನ ಹೆಸರನ್ನು ಚೀಲದ ಮೇಲೆ ಬರೆಯುವುದು ಇವೆಲ್ಲ ಒಂದು ಸಲದ ಕೆಲಸಗಳು. ಹಿಂದಿರುಗಿದ ಪ್ರತಿಯೊಂದು ಶೋಧಕಕ್ಕಾಗಿ ಮಾಡುವ ಪ್ರಯಾಣ, ಬದಲಿ ಸರಕು ಹಾಗೂ ಕಳೆದುಕೊಂಡ ಗ್ರಾಹಕರ ವಿಶ್ವಾಸ ಇವು ಮತ್ತೆ ಮತ್ತೆ ಬರುವ ಖರ್ಚುಗಳು. ಮುಂದಿನ ಬಾರಿ ಸೋರುವ ಶೋಧಕವೊಂದು ನಿಮ್ಮ ಮೇಜಿಗೆ ಮರಳಿದಾಗ, ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಉಂಗುರವನ್ನು ಹೊರತೆಗೆದು ಅದರ ದಪ್ಪವನ್ನೂ ತೋಡಿನ ಆಳವನ್ನೂ ಅಳೆದು ನೋಡಿರಿ. ಬಹುಪಾಲು ಸಂದರ್ಭಗಳಲ್ಲಿ ಉತ್ತರ ಆ ಎರಡು ಸಂಖ್ಯೆಗಳಲ್ಲಿಯೇ ದೊರೆಯುತ್ತದೆ.